ಮಳೆಯ ಹೊಳವು ಮತ್ತು ಒಂದು ದಿನದ ಸವಾರಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ಪದವಿ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಮಾತಿನಲ್ಲಿ ‘ಹೊಳವು’ ಎಂಬುದೊಂದು ಶಬ್ದವಿದೆ. ಕೆಲವು ಊರುಗಳಲ್ಲಿ ಬರಿದೆ ‘ಹೊಳ’ ಎನ್ನುತ್ತಾರೆ. ಎಡೆಬಿಡದೆ ಸುರಿಯುವ ಮಳೆ ಕೊಂಚ ಹೊತ್ತು ಬಿಟ್ಟು, ಮೋಡ ತೆಳುವಾಗಿ, ಅಂಗಳದಲ್ಲಿ ಬೆಳಕು ಮೂಡುವ ಆ ವಿರಾಮಕ್ಕೆ ಈ ಹೆಸರು. ಮಳೆಗೆ ನೂರು ಹೆಸರಿರುವ ಭಾಷೆಗಳಿವೆ. ಮಳೆ ಇಲ್ಲದ ಅರ್ಧ ಗಂಟೆಗೊಂದು ಹೆಸರನ್ನು ಇಟ್ಟುಕೊಂಡವರು ಮಾತ್ರ ಮಳೆಯೊಳಗೇ ಬದುಕಿದವರಾಗಿರಬೇಕು. ಗದ್ದೆಯ ಅಂಚು ಕಡಿಯುವವರು, ಕೊಟ್ಟಿಗೆಗೆ ಸೊಪ್ಪು ತರುವವರು, ಶಾಲೆಗೆ ಹೊರಟ ಮಕ್ಕಳು, ಎಲ್ಲರೂ ಹೊಳವನ್ನು ಕಾಯುತ್ತಾರೆ. ಅಡಿಕೆ ತೋಟದವರಂತೂ ವರ್ಷದ ಬೆಳೆಯನ್ನೇ ಅದರ ಮೇಲೆ ಇಟ್ಟಿರುತ್ತಾರೆ.

ಈ ಉಪನ್ಯಾಸಕ್ಕೆ ನೆಪವಾದದ್ದು ಒಂದು ಪುಟದ ಟಿಪ್ಪಣಿ. ಶಿವಮೊಗ್ಗೆಯ ಪದವಿ ವಿದ್ಯಾರ್ಥಿಯೊಬ್ಬ ಆಶ್ಲೇಷಾ ಮಳೆಯ ಒಂದು ಭಾನುವಾರ ತನ್ನ 150 ಸಿ.ಸಿ. ಮೋಟಾರ್ ಬೈಕಿನಲ್ಲಿ ಒಬ್ಬನೇ ಹೊರಟು, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಕುದುರೆಮುಖ, ಕಳಸ, ಕೊಟ್ಟಿಗೆಹಾರಗಳ ಮೂಲಕ ಸಂಜೆಗೆ ಚಿಕ್ಕಮಗಳೂರು ಸೇರಿದ. ಮುನ್ನೂರು ಕಿಲೋಮೀಟರಿಗೆ ಹತ್ತಿರವಾದ ದಾರಿ. ಜತೆಗೆ ಬರಬೇಕಿದ್ದ ಗೆಳೆಯ ಮಳೆಗೆ ಹೆದರಿ ಉಳಿದುಕೊಂಡ. ಮಾತಿಗೆ ಜನವಿಲ್ಲದ ಕಾರಣ ಇವನು ಮಳೆಯಂಗಿ ತೊಟ್ಟ ಮತ್ತು ಬಿಚ್ಚಿದ ಸಮಯವನ್ನು, ಆ ಸ್ಥಳವನ್ನು ಗುರುತು ಹಾಕಿಕೊಳ್ಳುತ್ತ ಹೋದ. ಸಂಜೆಗೆ ಎಣಿಸಿದರೆ ಹನ್ನೊಂದು ಬಾರಿ ತೊಟ್ಟಿದ್ದ. ಅವನ ಮೊಬೈಲು ಆ ಇಡೀ ದಿನಕ್ಕೆ, ಆ ಇಡೀ ದಾರಿಗೆ, ಒಂದೇ ಒಂದು ಮೋಡದ ಚಿತ್ರವನ್ನು ತೋರಿಸಿತ್ತು.

ಹನ್ನೊಂದು ಬಾರಿ ಬದಲಾದ ಹವೆ ಹುಚ್ಚಾಟದ್ದಲ್ಲ. ಪ್ರತಿಯೊಂದು ಬದಲಾವಣೆಗೂ ನೆಲದಲ್ಲಿ ಕಾರಣವಿದೆ. ಕಾರಿನ ಗಾಜಿನ ಹಿಂದೆ ಕುಳಿತವರಿಗೆ ಅದು ನೋಟವಾಗಿ ಕಾಣುತ್ತದೆ. ಬೈಕ್ ಸವಾರನಿಗೆ ಮೈಗೇ ತಾಗುತ್ತದೆ. ಆದ್ದರಿಂದ ಅವನ ದಾರಿಯನ್ನು ಹಿಡಿದೇ ವಿಷಯವನ್ನು ನೋಡಬಹುದು.

ಬೆಳಗಿನ ಆರಕ್ಕೆ ಶಿವಮೊಗ್ಗೆಯಲ್ಲಿ ರಸ್ತೆ ಒಣಗಿತ್ತು. ಮಂಡಗದ್ದೆಯ ಹತ್ತಿರ ಸಣ್ಣ ಜುಮುರು. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಗೂಡುಕಟ್ಟಿದ ಬೆಳ್ಳಕ್ಕಿಗಳನ್ನು ನೋಡಲು ಅವನು ಹೆಲ್ಮೆಟ್ ತೆಗೆದು ನಿಂತಷ್ಟು ಹೊತ್ತು ಅದೂ ಬಿಟ್ಟಿತ್ತು. ತೀರ್ಥಹಳ್ಳಿಯ ಸೇತುವೆ ದಾಟುವಾಗ ಮಳೆಯಂಗಿ ಅನಿವಾರ್ಯವಾಯಿತು. ಅಲ್ಲಿಂದ ಆಗುಂಬೆಯವರೆಗೆ ಮಳೆ ಬಿಡಲೇ ಇಲ್ಲ.

ಈ ತೊಂಬತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಒಂದು ವಿಶೇಷವಿದೆ, ವಿದ್ಯಾರ್ಥಿಗಳು ಗಮನಿಸಬೇಕು. ಎತ್ತರದ ಜಾಗಕ್ಕೆ ಹೆಚ್ಚು ಮಳೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಶಿವಮೊಗ್ಗೆಗೂ ಆಗುಂಬೆಗೂ ಸಮುದ್ರಮಟ್ಟದಿಂದಿರುವ ಎತ್ತರದಲ್ಲಿ ಹೆಚ್ಚೆಂದರೆ ನೂರು ಮೀಟರಿನ ಆಸುಪಾಸಿನ ಅಂತರ. ಆದರೆ ಶಿವಮೊಗ್ಗೆಯಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಚೀಚೆ ಮಳೆಯಾದರೆ, ತೀರ್ಥಹಳ್ಳಿಯಲ್ಲಿ ಮೂರು ಸಾವಿರದ ಆಸುಪಾಸು, ಆಗುಂಬೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು. ಕಾರಣ ಊರಿನ ಎತ್ತರವಲ್ಲ, ಘಟ್ಟದ ಅಂಚಿಗೆ ಊರು ಎಷ್ಟು ಹತ್ತಿರವಿದೆ ಎಂಬುದು. ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಕರಾವಳಿಯ ಸಪಾಟು ನೆಲವನ್ನು ಸಲೀಸಾಗಿ ದಾಟಿ ಬಂದು, ಸೋಮೇಶ್ವರದ ಬುಡದಲ್ಲಿ ಒಮ್ಮೆಲೆ ಐನೂರು ಮೀಟರಿಗೂ ಹೆಚ್ಚಿನ ಗೋಡೆಯನ್ನು ಹತ್ತಬೇಕಾಗುತ್ತದೆ. ಏರಿದ ಗಾಳಿ ತಣಿಯುತ್ತದೆ. ತಣಿದ ಗಾಳಿ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದು. ಗೋಡೆಯ ನೆತ್ತಿಯಲ್ಲಿ ಹೊರೆ ಇಳಿಸಿ ಹಗುರಾದ ಗಾಳಿ ಪೂರ್ವಕ್ಕೆ ಸಾಗುತ್ತದೆ. ಶಿವಮೊಗ್ಗೆಯವರಿಗೆ ಸಿಗುವುದು ಉಳಿಕೆ. ಅಂಚಿನಲ್ಲಿರುವ ಹುಲಿಕಲ್‌ನಂಥ ಊರುಗಳು ಕೆಲವು ವರ್ಷ ಆಗುಂಬೆಯನ್ನೂ ಮೀರಿಸುವುದು ಇದೇ ಕಾರಣದಿಂದ.

ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತ ಸವಾರನಿಗೆ ಹತ್ತು ಮಾರು ಆಚೆಯ ಮರ ಕಾಣಲಿಲ್ಲ. ಕೆಳಗಿನ ಹದಿನಾಲ್ಕು ತಿರುವುಗಳಿಂದ ಮೋಡ ಹೊಗೆಯಂತೆ ಮೇಲೇರಿ ಬರುತ್ತಿತ್ತು. ಮಳೆ ಮೇಲಿನಿಂದ ಬೀಳುವ ಬದಲು ಕೆಳಗಿನಿಂದ ಮುಖಕ್ಕೆ ಹೊಡೆಯುತ್ತಿತ್ತು ಎಂದು ಅವನು ಬರೆದುಕೊಂಡಿದ್ದಾನೆ. ಉತ್ಪ್ರೇಕ್ಷೆಯಲ್ಲ. ಅಂಚಿನಲ್ಲಿ ಗಾಳಿ ನಿಜವಾಗಿಯೂ ಮೇಲ್ಮುಖವಾಗಿಯೇ ಬೀಸುತ್ತದೆ, ಸಣ್ಣ ಹನಿಗಳನ್ನು ಹೊತ್ತು ತರುತ್ತದೆ.

ಸವಾರಿಯ ಬಗೆಗೂ ಇಲ್ಲೊಂದು ಮಾತು ಸಲ್ಲುತ್ತದೆ. ಸೂರ್ಯನ ಬೆಳಕು ತಾಗದ ತಿರುವುಗಳಲ್ಲಿ ಡಾಂಬರಿನ ಮೇಲೆ ತೆಳ್ಳನೆಯ ಪಾಚಿ ಕಟ್ಟಿರುತ್ತದೆ. ಅದರ ಮೇಲೆ ಕೊಳೆತ ಎಲೆ. ಅಂಥಲ್ಲಿ ಬ್ರೇಕಿನ ಮೇಲೆ ಭಾರ ಹಾಕುವವನು ಬೀಳುತ್ತಾನೆ, ತಿರುವಿಗೆ ಮೊದಲೇ ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿಯುವವನು ಉಳಿಯುತ್ತಾನೆ. ಘಟ್ಟದ ಊರುಗಳಲ್ಲಿ ಹಾಲು ಒಯ್ಯುವ ಹುಡುಗರಿಗೆ ಗೊತ್ತಿರುವ ಈ ಸಂಗತಿ ಭಾನುವಾರದ ಸವಾರರಲ್ಲಿ ಹಲವರಿಗೆ ಗೊತ್ತಿಲ್ಲ.

ಆಗುಂಬೆಯಿಂದ ಬೇಗಾರಿನ ಮೇಲೆ ಶೃಂಗೇರಿಗೆ ಹೋಗುವ ದಾರಿಯಲ್ಲಿ, ಹನ್ನೊಂದೂವರೆಯ ಹೊತ್ತಿಗೆ, ಮಳೆ ತಟಕ್ಕನೆ ನಿಂತಿತು. ಸವಾರ ಮಳೆಯಂಗಿ ಬಿಚ್ಚಲು ಒಂದು ಅಡಿಕೆ ತೋಟದ ದಣಪೆಯ ಬಳಿ ಬೈಕು ನಿಲ್ಲಿಸಿದ. ಅಲ್ಲಿ ಎರಡು ಡ್ರಮ್ಮುಗಳಲ್ಲಿ ನೀಲಿ ದ್ರಾವಣ ಸಿದ್ಧವಾಗಿತ್ತು. ಪಂಪಿನ ಪೈಪು ತೋಟದೊಳಕ್ಕೆ ಹಾಸಿತ್ತು. ಮರ ಹತ್ತುವ ಇಬ್ಬರು ಬೀಡಿ ಹಚ್ಚಿ ಕುಳಿತಿದ್ದರು. ತೋಟದ ಯಜಮಾನರು ಕಂಬಳಿಕೊಪ್ಪೆ ಹೊದ್ದು ಪಡುವಣ ದಿಕ್ಕನ್ನೇ ನೋಡುತ್ತಿದ್ದರು.

“ಎಲ್ಲಿಂದ ಬಂದದ್ದು ತಮ್ಮಾ?” ಎಂದರು.

“ಆಗುಂಬೆ ಕಡೆಯಿಂದ, ಯಜಮಾನ್ರೆ.”

“ಅಲ್ಲಿ ಹೊಳವಾಗಿದೆಯೋ?”

“ಇಲ್ಲ, ಹೊಯ್ತಾನೇ ಇದೆ. ನಾನು ಬಿಡುವಾಗ ಇನ್ನೂ ಜೋರಾಯ್ತು.”

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕುಳಿತವರ ಕಡೆ ತಿರುಗಿ, “ಹತ್ತಬೇಡಿ ಮಾರಾಯ್ರೆ. ಅರ್ಧ ಗಂಟೆಗೆ ಇಲ್ಲಿಗೂ ಬಂತು” ಎಂದರು. ಇಪ್ಪತ್ತೈದು ನಿಮಿಷಕ್ಕೆ ಮಳೆ ಬಂತು.

ಈ ನಾಲ್ಕು ಮಾತಿನ ಹಿಂದೆ ಇರುವ ಲೆಕ್ಕವನ್ನು ವಿವರವಾಗಿಯೇ ಹೇಳಬೇಕು. ಏಕೆಂದರೆ ಸವಾರನ ಪುಟದಲ್ಲಿ ಅದು ಒಂದೇ ಸಾಲು: ‘ಬೇಗಾರು, ಬಿಚ್ಚಿದ್ದು 11.30, ತೊಟ್ಟದ್ದು 11.55.’

ಅಡಿಕೆಯ ಕೊಳೆರೋಗವನ್ನು ತರುವುದು ಫೈಟಾಫ್ತೊರ ಎಂಬ ಶಿಲೀಂಧ್ರಸದೃಶ ಜೀವಿ. ಅದರ ಬೀಜಾಣುಗಳಿಗೆ ಬಾಲವಿದೆ, ಅವು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ನೀರಿನ ಪೊರೆ ಬಹಳ ಹೊತ್ತು ಒಣಗದೆ ಉಳಿದರೆ ಸಾಕು, ಅವು ಈಜಿ ಬಂದು, ತೊಟ್ಟಿನ ಬಳಿ ಮೊಳೆತು, ಒಳನುಗ್ಗುತ್ತವೆ. ಮಳೆಹನಿಯ ಸಿಡಿತ ಅವನ್ನು ಗೊನೆಯಿಂದ ಗೊನೆಗೆ ದಾಟಿಸುತ್ತದೆ. ತಂಪು ಹವೆ, ತುಂಬು ತೇವ, ನಡುನಡುವೆ ತುಸು ಬಿಸಿಲು. ರೋಗಕ್ಕೆ ಬೇಕಾದದ್ದು ಇಷ್ಟೆ. ಇದಕ್ಕೆ ಪರಿಹಾರ ಎಲ್ಲರಿಗೂ ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಸೇರಿದ ಶೇಕಡ ಒಂದರ ಬೋರ್ಡೋ ದ್ರಾವಣ. ತಾಮ್ರದ ಪೊರೆಯೊಂದು ಕಾಯಿಯ ಮೇಲೆ ಮೊದಲೇ ಕೂತಿದ್ದರೆ ಬೀಜಾಣು ಮೊಳೆಯದು. ಆದರೆ ಪೊರೆ ಕೂರಬೇಕಾದರೆ ದ್ರಾವಣ ಒಣಗಬೇಕು. ಒಣಗಲು ಹೊಳವು ಬೇಕು. ಹೊಡೆದ ಹದಿನೈದು ನಿಮಿಷಕ್ಕೆ ಮಳೆ ಬಂದರೆ ಮೈಲುತುತ್ತ ಮರದ ಬುಡಕ್ಕೆ ಇಳಿದು ಹೋಗುತ್ತದೆ. ಸಿದ್ಧಪಡಿಸಿದ ದ್ರಾವಣವನ್ನು ನಾಳೆಗೆ ಇಡುವಂತೆಯೂ ಇಲ್ಲ, ಅಂದಿನದನ್ನು ಅಂದೇ ಬಳಸಬೇಕು. ಕೂಲಿಯನ್ನೂ ಕೊಡಲೇಬೇಕು. ನೆನೆದ ಅಡಿಕೆ ಮರ ಹತ್ತುವವನ ಜೀವದ ಪ್ರಶ್ನೆ ಇದೆಲ್ಲಕ್ಕಿಂತ ಮೇಲಿನದು. ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿ ಆ ಭಯವನ್ನು ತಗ್ಗಿಸಿದೆ. ಹೊಳವಿನ ಕಾಯುವಿಕೆಯನ್ನು ತಗ್ಗಿಸಿಲ್ಲ.

ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ದುಡಿದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ಸಿಂಪಡಣೆ ಮಲೆನಾಡಿನ ತೋಟಗಳಲ್ಲಿ ಬೇರೂರಿದ್ದು ಆ ಬಳಿಕ. ಅದಕ್ಕೂ ಮೊದಲು ಗೊನೆಗಳಿಗೆ ಕರಡದ ‘ಕೊಟ್ಟೆ’ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು, ಅಂದರೆ ಗೊನೆಗೊಂದು ಕೃತಕ ಹೊಳವನ್ನು ಕಟ್ಟಿಕೊಡುತ್ತಿದ್ದರು. (ಕಾಫಿಯ ಕೊಳೆರೋಗ ಬೇರೆಯದೇ ಶಿಲೀಂಧ್ರದ್ದು. 19ನೆಯ ಶತಮಾನದಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಡುವಾಗ ‘ಕೊಳೆರೋಗ’ ಎಂಬ ಕನ್ನಡ ಶಬ್ದವನ್ನೇ ಸೇರಿಸಿಕೊಂಡರು. ಇಲ್ಲಿನ ಮಳೆ ಲ್ಯಾಟಿನ್ನಿಗೂ ಒಂದು ಶಬ್ದ ಕೊಟ್ಟಿದೆ.)

ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ. ಎರಡನೆಯದು 40ರಿಂದ 45 ದಿನಕ್ಕೆ. ಮಳೆ ಲಂಬಿಸಿದರೆ ಮೂರನೆಯದು. ಪುಸ್ತಕದ ಮಾತು ಇಷ್ಟು ಸರಳ. ಆದರೆ 45ನೆಯ ದಿನ ಹೊಳವಾಗದಿದ್ದರೆ? 50ನೆಯ ದಿನವೂ ಆಗದಿದ್ದರೆ? ಅಲ್ಲಿ ಪುಸ್ತಕ ಮುಗಿಯುತ್ತದೆ, ಯಜಮಾನರು ಪಡುವಣ ದಿಕ್ಕನ್ನು ನೋಡತೊಡಗುತ್ತಾರೆ. ಶೃಂಗೇರಿ, ಕೊಪ್ಪದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಹಿಂಡಿದೆ. ಇತ್ತೀಚಿನ ವರ್ಷಗಳಲ್ಲಿ ಕಳಸದಿಂದ ತೀರ್ಥಹಳ್ಳಿಯವರೆಗೆ ಎಲೆಚುಕ್ಕಿ ರೋಗವೂ ಹಬ್ಬಿದೆ. ಎಲೆಚುಕ್ಕಿಯೂ ಎಲೆಯ ಮೇಲಿನ ಒದ್ದೆಯನ್ನೇ ನಂಬಿದ ರೋಗ. ಅದಕ್ಕೆ ಮದ್ದು ಹೊಡೆಯಲೂ ಹೊಳವೇ ಬೇಕು.

ಹೀಗಿರುವಾಗ ಮಳೆಯನ್ನು ಅಳೆಯುವ ಬಗೆಯ ಕುರಿತೂ ಯೋಚಿಸಬೇಕು. ಪತ್ರಿಕೆಯಲ್ಲಿ ಅಚ್ಚಾಗುವುದು 24 ಗಂಟೆಯ ಒಟ್ಟು ಮಳೆ. 80 ಮಿಲಿಮೀಟರ್ ಎಂದಿದ್ದರೆ ಅದು ಮೂರು ಗಂಟೆಯಲ್ಲಿ ಹೊಯ್ದು ಬಿಸಿಲು ಬಂದ ದಿನವಿರಬಹುದು, ಬೆಳಗಿನಿಂದ ಬೆಳಗಿನವರೆಗೆ ಜಿನುಗಿದ ದಿನವೂ ಇರಬಹುದು. ಅಂಕಿ ಒಂದೇ. ತೋಟಕ್ಕೆ ಎರಡನೆಯದು ಕೇಡು. ರಸ್ತೆಬದಿಯ ಧರೆಗೆ, ಆಗಲೇ ನೆಲ ನೆನೆದಿದ್ದರೆ, ಮೊದಲನೆಯದು ಕೇಡು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿರುವುದು ದೊಡ್ಡ ಕೆಲಸವೇ ಸರಿ. ಆದರೂ ಒಂದು ಪಂಚಾಯಿತಿಯೊಳಗೇ ಗುಡ್ಡದ ಈ ಮಗ್ಗುಲಿಗೂ ಆ ಮಗ್ಗುಲಿಗೂ ಹೊಳವು ಬೇರೆ. ಸವಾರನ ಬೈಕು ಒಂದೇ ಗುಡ್ಡವನ್ನು ಸುತ್ತುವಾಗ ಎರಡು ಬಾರಿ ಮಳೆಯಂಗಿ ಕೇಳಿತ್ತು.

ಶೃಂಗೇರಿಯಲ್ಲಿ ಅವನು ಊಟಕ್ಕೆ ನಿಂತ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ತನಿಕೋಡಿನ ಅರಣ್ಯ ತಪಾಸಣಾ ಗೇಟು ದಾಟಿದ ಮೇಲೆ ಕೆರೆಕಟ್ಟೆಯ ಕಾಡು. ಇಲ್ಲಿ ಮಳೆ ನಿಂತರೂ ಮಳೆ ನಿಲ್ಲುವುದಿಲ್ಲ. ಮರಗಳ ನೆತ್ತಿ ಹಿಡಿದಿಟ್ಟ ನೀರು ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ. ಬಯಲಿನಲ್ಲಿ ನೆಲಕ್ಕೆ ಬಡಿಯುವ ಹನಿ ಇಲ್ಲಿ ನಾಲ್ಕಾರು ಅಂತಸ್ತಿನ ಎಲೆಗಳ ಮೇಲೆ ಬಿದ್ದು, ಕಾಂಡದಗುಂಟ ಇಳಿದು, ದರಕಿನ ಹಾಸಿಗೆಯನ್ನು ಸೇರುತ್ತದೆ. ರಸ್ತೆಯ ಪಕ್ಕದ ಹಳ್ಳಗಳು ತುಂಬಿ ಹರಿಯುತ್ತಿದ್ದರೂ ತಿಳಿಯಾಗಿದ್ದವು ಎಂಬುದನ್ನು ಸವಾರ ಗಮನಿಸಿದ್ದಾನೆ. ಕಡಾಂಬಿ ಜಲಪಾತವೂ ಬೆಳ್ಳಗೇ ಇತ್ತು. ಇದನ್ನು ನೆನಪಿಡಿ, ಮುಂದೆ ಕೆಂಪು ನೀರು ಬರಲಿದೆ.

ಕುದುರೆಮುಖದ ಸೀಮೆಯಲ್ಲಿ ಕಾಡು ಒಮ್ಮೆಲೆ ಬಿಟ್ಟು ಹುಲ್ಲುಗುಡ್ಡಗಳು ತೆರೆದುಕೊಳ್ಳುತ್ತವೆ. ಕಣಿವೆಯ ಮಡಿಲಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು. 1,890 ಮೀಟರಿಗೂ ಮಿಗಿಲಾದ ಶಿಖರ ಆ ದಿನ ಮೋಡದೊಳಗಿತ್ತು. ಗಾಳಿಯ ಹೊಡೆತಕ್ಕೆ ಬೈಕು ವಾಲುತ್ತಿತ್ತು. ಒಳಗಿನ ಅಂಗಿ ಬೆವರಿನಿಂದಲೂ ಹೊರಗಿನದು ಮಳೆಯಿಂದಲೂ ನೆನೆದು ಅವನು ಗಡಗಡ ನಡುಗಿದ. ಚಳಿಗಾಲದ ಉಷ್ಣತೆಯೇನೂ ಅಲ್ಲ; ಒದ್ದೆ ಮೈಯ ಬಿಸಿಯನ್ನು ಗಾಳಿ ಕದ್ದೊಯ್ಯುವ ಲೆಕ್ಕ. ಕೈಬೆರಳು ಮರಗಟ್ಟಿದರೆ ಬ್ರೇಕು ಹಿಡಿಯುವುದು ತಡವಾಗುತ್ತದೆಂದು ಅವನು ಅಲ್ಲಲ್ಲಿ ನಿಧಾನಿಸಿದ್ದು ಜಾಣತನ.

ಈ ಹುಲ್ಲುಗುಡ್ಡಗಳನ್ನು ‘ಬೋಳುಗುಡ್ಡ’ ಎಂದು ಕರೆದವರು, ಅಲ್ಲಿ ಗಿಡ ನೆಡಬೇಕೆಂದು ಹೊರಟವರು, ಬಹಳ ಮಂದಿ. ಹುಲ್ಲಿನ ಒತ್ತಾದ ಬೇರು ಆ ತೆಳು ಮಣ್ಣನ್ನು ಹೊಲಿದು ಹಿಡಿದಿದೆ. ಶೋಲಾ ಮರಗಳು ಮಂಜಿನಿಂದಲೂ ನೀರನ್ನು ಬಸಿದುಕೊಳ್ಳುತ್ತವೆ. ಇಲ್ಲಿನ ಗಂಗಾಮೂಲದ ಸೀಮೆಯಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲೆರಡು ಪೂರ್ವಕ್ಕೆ ಸಾಗಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರುತ್ತವೆ. ನೇತ್ರಾವತಿ ಪಡುಗಡಲಿಗೆ ಇಳಿಯುತ್ತದೆ. ಸವಾರ ಬೆಳಿಗ್ಗೆ ಮಂಡಗದ್ದೆಯಲ್ಲಿ ಕಂಡ ತುಂಗೆಯ ನೀರು ಈ ಹುಲ್ಲಿನಿಂದ ಬಂದದ್ದು. ಇದೇ ಗುಡ್ಡಗಳ ಒಂದು ಭಾಗದಲ್ಲಿ ಕಬ್ಬಿಣದ ಅದಿರಿಗಾಗಿ ಗಣಿ ತೋಡಿದ್ದರು. 2002ರ ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ತೊಳೆದ ಹೂಳನ್ನು ತಡೆದ ಲಕ್ಯಾ ಅಣೆಕಟ್ಟು ಇಂದಿಗೂ ಅಲ್ಲಿದೆ. ಗಣಿ ನಿಂತ ವರ್ಷ ಹುಟ್ಟಿದವರು ಈಗ ಕಾಲೇಜಿನಲ್ಲಿದ್ದಾರೆ, ಬೈಕಿನಲ್ಲಿ ಆ ದಾರಿಯಾಗಿ ಹೋಗುತ್ತಿದ್ದಾರೆ. ಅಲ್ಲಿ ಏನಿತ್ತು, ಏಕೆ ನಿಂತಿತು ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ಹಿರಿಯರು ಹೇಳಬೇಕು.

ಸಂಸೆ, ಕಳಸ ದಾಟಿ ಕೊಟ್ಟಿಗೆಹಾರದ ಕಡೆ ಕಾಫಿ ತೋಟಗಳ ನಡುವೆ ಬರುವಾಗ ಗಂಟೆ ನಾಲ್ಕು. ಒಂದು ತಿರುವಿನಲ್ಲಿ ರಸ್ತೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಮೇಲೆ ಹೊಸದಾಗಿ ಕಡಿದ ಧರೆ, ನೆಟ್ಟಗೆ ಎರಡಾಳೆತ್ತರ. ಸವಾರ ಅಲ್ಲಿ ಫೋಟೋ ತೆಗೆಯಲು ನಿಲ್ಲುವವನಿದ್ದ; ಹಿಂದಿನಿಂದ ಬಂದ ಜೀಪಿನ ಚಾಲಕ, “ಇಲ್ಲಿ ನಿಲ್ಬೇಡಿ, ಮುಂದೆ ಹೋಗಿ” ಎಂದು ಕೂಗಿ ಹೋದ.

ಜೀಪಿನವನಿಗೆ ಗೊತ್ತಿದ್ದ ವಿಜ್ಞಾನ ಇಷ್ಟು. ಘಟ್ಟದ ಇಳಿಜಾರಿನಲ್ಲಿ ಮೇಲೆ ಕೆಂಪು ಮಣ್ಣು, ಹಲವೆಡೆ ಅದರ ಕೆಳಗೆ ಜಾರುವ ಶೇಡಿಮಣ್ಣು, ಅದರಡಿ ಬಂಡೆ. ಗುಡ್ಡದ ಪಾದ ತನ್ನ ಮೇಲಿನದನ್ನು ಹೊತ್ತು ನಿಂತಿರುತ್ತದೆ. ರಸ್ತೆ ಅಗಲವಾಗಲಿ ಎಂದು ಆ ಪಾದವನ್ನೇ ನೆಟ್ಟಗೆ ಕಡಿದರೆ, ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ವಾರಗಟ್ಟಲೆಯ ಮಳೆಗೆ ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿ, ಆ ನೀರಿನ ಒತ್ತಡ ಮಣ್ಣಿನ ಕಣಗಳನ್ನು ಒಂದರಿಂದೊಂದು ಬಿಡಿಸಿದಾಗ, ಜೋರಾದ ಒಂದು ಮಳೆ ಸಾಕಾಗುತ್ತದೆ. ತಿಳಿಯಾಗಿ ಹರಿಯುತ್ತಿದ್ದ ಚರಂಡಿ ದಿಢೀರನೆ ಕೆಂಪಾಗುವುದು, ಸಣ್ಣ ಕಲ್ಲು ಉರುಳುವುದು, ನೆಟ್ಟಗಿದ್ದ ಮರ ವಾಲುವುದು ಮುನ್ಸೂಚನೆಗಳು. 2018ರ ಆಗಸ್ಟಿನಲ್ಲಿ ಕೊಡಗು, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಮತ್ತು ಮೂಡಿಗೆರೆ ತಾಲ್ಲೂಕಿನ ಊರುಗಳು ಇದನ್ನು ಕಂಡವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು, ರಸ್ತೆಬದಿಯಲ್ಲಿ ನಿಂತಿದ್ದವರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಅಲ್ಲಿ ಸತ್ತವರಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬದವರೂ ಇದ್ದರು.

ರಸ್ತೆ ಬೇಡವೆಂದು ಘಟ್ಟದ ಯಾವ ಊರಿನವರೂ ಹೇಳಲಾರರು. ಹೆರಿಗೆಗೆ, ಹಾವು ಕಚ್ಚಿದವರಿಗೆ, ರಸ್ತೆಯೇ ಜೀವ. ಆದರೆ ಎರಡು ಬಸ್ಸುಗಳು ನಿಧಾನವಾಗಿ ಎದುರಾಗಿ ದಾಟಬಲ್ಲ ರಸ್ತೆ ಊರಿನವರಿಗೆ ಸಾಕು. ತಿರುವಿನಲ್ಲಿಯೂ ವೇಗ ತಗ್ಗಿಸದೆ ಸಾಗುವ ರಸ್ತೆ ಬೇಕಾದದ್ದು ಯಾರಿಗೆ, ಅದಕ್ಕಾಗಿ ಕಡಿದ ಧರೆಯ ಮೇಲಿನ ಮನೆಗಳಲ್ಲಿ ಇರುವವರು ಯಾರು ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ಎಲ್ಲರಿಗೂ ಇದೆ. ಕಡಿಯಲೇಬೇಕಾದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಮೇಲಿನ ನೀರನ್ನು ಧರೆಗೆ ಇಳಿಯಗೊಡದೆ ಬದಿಗೆ ತಿರುಗಿಸುವುದು, ಮುಂಗಾರಿಗೆ ಮುಂಚೆ ಚರಂಡಿ ಬಿಡಿಸುವುದು ಹೊಸ ವಿದ್ಯೆಗಳೇನೂ ಅಲ್ಲ.

ಕೊಟ್ಟಿಗೆಹಾರದಲ್ಲಿ ಮಂಜು ರಸ್ತೆಯನ್ನೇ ನುಂಗಿತ್ತು. ಸವಾರ ಬಿಸಿ ನೀರುದೋಸೆ ತಿಂದು ಕೈ ಕಾಯಿಸಿಕೊಂಡ. ಮೂಡಿಗೆರೆಯಲ್ಲಿ ಜುಮುರು. ಅಲ್ಲಿಂದ ಮುಂದೆ ಎಲ್ಲೋ ಒಂದು ಕಡೆ, ಹನ್ನೊಂದನೆಯ ಬಾರಿ ಮಳೆಯಂಗಿ ಬಿಚ್ಚಿದವನು ಮತ್ತೆ ತೊಡಲಿಲ್ಲ. ಚಿಕ್ಕಮಗಳೂರಿನ ರಸ್ತೆ ಒಣಗಿತ್ತು, ಪಡುವಣದ ಮೋಡದಂಚಿನಲ್ಲಿ ಬಿಸಿಲಿತ್ತು. ಮತ್ತೂ ನಲವತ್ತು ಕಿಲೋಮೀಟರು ಪೂರ್ವಕ್ಕೆ ಹೋಗಿದ್ದರೆ ಕಡೂರು. ಅಲ್ಲಿ ವರ್ಷದ ಮಳೆ ಏಳುನೂರು ಮಿಲಿಮೀಟರಿಗೂ ಕಡಿಮೆ. ಅದೇ ಆಶ್ಲೇಷಾದಲ್ಲಿ ಬೇಗಾರಿನ ಯಜಮಾನರು ಮಳೆ ಬಿಡಲೆಂದು ಪಡುವಣಕ್ಕೆ ನೋಡುತ್ತಿದ್ದರೆ, ಕಡೂರಿನ ರಾಗಿ ಹೊಲದವರು ಮಳೆ ಬರಲೆಂದು ಅದೇ ಪಡುವಣಕ್ಕೆ ನೋಡುತ್ತಿರುತ್ತಾರೆ. ಎರಡೂ ಒಂದೇ ಜಿಲ್ಲೆ.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನೇರ ಬದಿಯ ಒಂದು ಡಬ್ಬಿ, ಒಂದು ಅಡಿಪಟ್ಟಿ ಇದ್ದರೆ ಮಳೆಯನ್ನು ಮನೆಯಂಗಳದಲ್ಲೇ ಅಳೆಯಬಹುದು; ಡಬ್ಬಿ ಮರದ ಕೆಳಗೂ ಸೂರಿನ ಕೆಳಗೂ ಇರಬಾರದು, ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಬೇಕು. ಆ ಅಂಕಿಯ ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು, ಹಗಲಿನಲ್ಲಿ ಎಷ್ಟು ಗಂಟೆಗೆ ಹೊಳವಾಯಿತು, ಎಷ್ಟು ಗಂಟೆಗೆ ಮತ್ತೆ ಮಳೆ ಹಿಡಿಯಿತು ಎಂದು ಬರೆಯಿರಿ. ಮನೆಯಲ್ಲಿ ಮದ್ದು ಹೊಡೆದ ದಿನವನ್ನೂ, ಮೊದಲ ಕೊಳೆತ ಕಾಯಿ ಉದುರಿದ ದಿನವನ್ನೂ ಅಲ್ಲೇ ಗುರುತು ಹಾಕಿ. ಒಂದು ಕಣಿವೆಯ ಹತ್ತು ಮನೆಗಳಲ್ಲಿ ನಾಲ್ಕೈದು ಮಳೆಗಾಲ ಹೀಗೆ ಬರೆದರೆ, ಎರಡನೆಯ ಸಿಂಪಡಣೆಯನ್ನು ಯಾವ ನಕ್ಷತ್ರದ ಮಳೆಗೆ ಹಿಂದೂಡಬೇಕು, ಯಾವ ಮಗ್ಗುಲಿನ ತೋಟಕ್ಕೆ ಮೊದಲು ಹೋಗಬೇಕು ಎಂಬ ಮಾತಿಗೆ ಒಂದು ಆಧಾರ ಸಿಗುತ್ತದೆ. ಪುಸ್ತಕವನ್ನು ಪೆನ್ಸಿಲಿನಲ್ಲೇ ಬರೆಯಿರಿ. ಮಳೆಗಾಲದಲ್ಲಿ ಶಾಯಿ ಹರಡುತ್ತದೆ.